ಬೋಟ್ ಟ್ರೇಲರ್‌ಗೆ ತುಕ್ಕು: ವಾರಂಟಿ ನಿರಾಕರಿಸಿದ್ದರ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ವಾರಂಟಿ ಮುಗಿಯುವ ಮೊದಲೇ ಟ್ರೇಲರ್ ಚಾಸಿಗೆ ತುಕ್ಕು ಹಿಡಿದಿರುವುದು

ಮಾನ್ಯರೇ,

ನನ್ನ ದೂರಿಗೆ ನೀವು ಕಳಿಸಿದ ಉತ್ತರ ಓದಿದೆ. ಉಪ್ಪು ನೀರಿಗೆ ಇಳಿಸಿದ್ದರಿಂದ ತುಕ್ಕು ಬಂದಿದೆ, ಹಾಗಾಗಿ ವಾರಂಟಿ ಸಿಗುವುದಿಲ್ಲ ಎಂದಿದ್ದೀರಿ. ಬೋಟ್ ಟ್ರೇಲರನ್ನು ನೀರಿಗೆ ಇಳಿಸದೆ ಮತ್ತೇನು ಮಾಡಬೇಕು, ನೀವೇ ಹೇಳಿ. ಸಮುದ್ರದ ನೀರಿಗೂ ಆಗುತ್ತದೆ, ಇಡೀ ಚಾಸಿ ಹಾಟ್ ಡಿಪ್ ಗ್ಯಾಲ್ವನೈಸ್ ಆಗಿದೆ (ಅಂದರೆ ತುಕ್ಕು ಹಿಡಿಯದಂತೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದಿದ್ದು) ಅಂತ ನಿಮ್ಮ ಕರಪತ್ರದಲ್ಲೇ ದಪ್ಪಕ್ಷರದಲ್ಲಿದೆ ಅಲ್ವಾ?

ತುಕ್ಕು ಎಲ್ಲಿ ಬಂದಿದೆ ಅಂತ ನೋಡಿದರೆ ತಪ್ಪು ಯಾರದು ಎಂದು ಗೊತ್ತಾಗುತ್ತದೆ. ಉದ್ದದ ಎರಡು ಚೌಕ ಪೈಪುಗಳ ಹೊರಮೈ ಇವತ್ತಿಗೂ ಚೆನ್ನಾಗಿದೆ. ಅವೂ ಅದೇ ಉಪ್ಪು ನೀರಿಗೆ ಇಳಿದಿವೆ. ತುಕ್ಕು ಇರುವುದು ಅಡ್ಡ ಪೈಪುಗಳನ್ನು ವೆಲ್ಡ್ ಮಾಡಿದ ಕಡೆ, ಒಂದೊಂದು ವೆಲ್ಡಿನ ಸುತ್ತಲೂ. ಅಲ್ಲಿ ಉಗುರಿನಿಂದ ಕೆರೆದರೆ ಸಿಲ್ವರ್ ಪೇಂಟ್ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಅಡಿಯಲ್ಲಿ ಕೆಂಪು ಪುಡಿ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಸತುವಿನಲ್ಲಿ ಅದ್ದಿದ ಉಕ್ಕಿಗೆ ಸತು ಬೆಸೆದುಕೊಳ್ಳುತ್ತದೆ, ಉಗುರಿಗೆಲ್ಲ ಏಳುವುದಿಲ್ಲ. ಅಂದರೆ ನೀವು ಮೊದಲು ಪೈಪುಗಳನ್ನು ಗ್ಯಾಲ್ವನೈಸ್ ಮಾಡಿಸಿ ಆಮೇಲೆ ವೆಲ್ಡ್ ಮಾಡಿದ್ದೀರಿ. ಸತು 907 ಡಿಗ್ರಿಗೇ ಕುದಿಯುತ್ತದೆ. ವೆಲ್ಡಿಂಗ್ ಬಿಸಿಗೆ ಅದು ಹೊಗೆಯಾಗಿ ಹೋಗಿದೆ, ಬರಿದಾದ ಜಾಗಕ್ಕೆ ಸುಮ್ನೆ ಬಣ್ಣ ಬಳಿದಿದ್ದೀರಿ.

ಅಡ್ಡ ಪೈಪುಗಳಲ್ಲಿ ನೀರು ಬಸಿಯಲು ಒಂದು ತೂತೂ ಇಲ್ಲ. ವೆಲ್ಡ್ ಆದ ಚಾಸಿಯನ್ನು ಸತುವಿನಲ್ಲಿ ಅದ್ದಬೇಕಾದರೆ ತೂತು ಬಿಡಲೇಬೇಕು, ಇಲ್ಲದಿದ್ದರೆ ಒಳಗಿನ ತೇವ ಆವಿಯಾಗಿ ಪೈಪೇ ಸಿಡಿಯಬಹುದು. ಈ ಕೆಲಸ ಮಾಡುವವರಿಗೆ ಇದು ಹೊಸ ವಿಷಯವಲ್ಲ. ಈಗ ಹಿಂದಿನ ಅಡ್ಡ ಪೈಪನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಒಳಗೆ ತುಕ್ಕಿನ ಚೂರು ಜರಜರ ಉದುರುವ ಸದ್ದು ಬರುತ್ತದೆ. ಪ್ರತಿ ಸಲ ಬೋಟ್ ಇಳಿಸಿದ ಮೇಲೆ ಟ್ರೇಲರನ್ನು ಸಿಹಿನೀರಿನಲ್ಲಿ ತೊಳೆಯುತ್ತೇನೆ. ಒಳಗಿನಿಂದ ತಿನ್ನುವ ತುಕ್ಕಿಗೆ ಹೊರಗೆ ತೊಳೆದು ಏನು ಪ್ರಯೋಜನ?

ಸ್ಪ್ರಿಂಗ್ ಪ್ಲೇಟು, ಬೋಲ್ಟುಗಳಿಗೂ ಸ್ವಲ್ಪ ತುಕ್ಕು ಬಂದಿದೆ. ಅದು ಬಳಕೆಯಲ್ಲಿ ಬರುವಂಥದ್ದು, ಅದನ್ನು ನಾನು ಕೇಳುತ್ತಿಲ್ಲ. ಚಾಸಿಯ ಮಾತು ಬೇರೆ. ರಸ್ತೆಯಲ್ಲಿ ಬೋಟಿನ ಪೂರ್ತಿ ಭಾರ ಹೊರುವುದೇ ಆ ವೆಲ್ಡುಗಳು.

ನೀವು ಕಳಿಸಿದ ಮೆಕ್ಯಾನಿಕ್ ವೈರ್ ಬ್ರಷ್ ಹೊಡೆದು ಇನ್ನೊಂದು ಕೋಟ್ ಬಳಿದು ಕೊಡುತ್ತೇನೆ ಎಂದರು. ನಾನು ಬೇಡ ಎಂದೆ. ಬಣ್ಣ ಬಳಿದರೆ ತುಕ್ಕು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ನನ್ನ ಬೇಡಿಕೆ ಇಷ್ಟು: ವೆಲ್ಡಿಂಗ್ ಪೂರ್ತಿ ಮುಗಿದ ಮೇಲೆ ಸತುವಿನಲ್ಲಿ ಅದ್ದಿದ, ಬಸಿಯುವ ತೂತುಗಳಿರುವ ಬೇರೆ ಚಾಸಿ ಕೊಡಿ. ಇಲ್ಲವೇ ಟ್ರೇಲರ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ. ನನ್ನ ಮಾತಿನ ಮೇಲೆ ಅನುಮಾನವಿದ್ದರೆ ನಿಮ್ಮವರು ಬಂದು, ವೆಲ್ಡಿನ ಪಕ್ಕದ ಬಣ್ಣ ಕೆರೆದು, ನನ್ನ ಎದುರಿಗೇ ಲೇಪನದ ದಪ್ಪ ಅಳೆಯಲಿ. ಇಂಥ ಸತು ಲೇಪನದ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 1461 ಪ್ರಕಾರ 3ರಿಂದ 6 ಮಿ.ಮೀ. ದಪ್ಪದ ಉಕ್ಕಿಗೆ ಸರಾಸರಿ 70 ಮೈಕ್ರಾನ್ (0.07 ಮಿ.ಮೀ.) ಸತು ಇರಬೇಕು.

ಬಿಲ್, ವಾರಂಟಿ ಕಾರ್ಡ್, ಕರಪತ್ರದ ಪ್ರತಿ, ವೆಲ್ಡುಗಳ ಹತ್ತಿರದ ಫೋಟೋಗಳನ್ನು ಲಗತ್ತಿಸಿದ್ದೇನೆ. 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಬಾರದಿದ್ದರೆ ಇದೇ ದಾಖಲೆಗಳನ್ನು ಹಿಡಿದು ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ