ಆ ವಿಡಿಯೋದಲ್ಲಿ ನನಗೆ ಕಂಡದ್ದು ನಿನ್ನ ಕಾಲು

ಪುಟ್ಟಿ,

ಫೋನಿನಲ್ಲಿ ಹೇಳಲು ಹೋದರೆ ಮತ್ತೆ ದನಿ ಏರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುವಾರ ನಿನ್ನ ದೊಡ್ಡಪ್ಪನ ಮಗ ಕುಣಿಗಲ್‌ನಿಂದ ಬೆಂಗಳೂರಿಗೆ ಬರುತ್ತಿದ್ದಾನೆ. ಅಮ್ಮ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಕಟ್ಟಿದ್ದಾಳೆ. ಅದೇ ಚೀಲದಲ್ಲಿ ಇದನ್ನೂ ಇಟ್ಟಿದ್ದೇನೆ.

ಭಾನುವಾರ ಸಂಜೆ ನೀನು ಕಳಿಸಿದ ವಿಡಿಯೋ ನೋಡಿ ನಾನು ಕೂಗಾಡಿದಾಗ ನಿನ್ನ ಫೋನು ಸ್ಪೀಕರ್‌ನಲ್ಲಿತ್ತು ಅಂತ ನನಗೆ ಗೊತ್ತಿರಲಿಲ್ಲ. ನಿನ್ನ ಜೊತೆಯವರೆಲ್ಲ ಕೇಳಿಸಿಕೊಂಡರು ಅಂತ ಅಮ್ಮ ಆಮೇಲೆ ಹೇಳಿದಳು. ನಾನು ಏನೇನು ಅಂದೆ ಅಂತ ನೆನೆಸಿಕೊಂಡರೆ ಮುಖ ಎತ್ತಲು ಆಗುವುದಿಲ್ಲ. ‘ಬುದ್ಧಿ ಇಲ್ವಾ ನಿಂಗೆ’ ಅಂದೆ. ‘ಇದಕ್ಕೇನಾ ಓದಿಸಿದ್ದು’ ಅಂದೆ. 24 ವರ್ಷದ ಮಗಳಿಗೆ, ಅವಳ ಆಫೀಸಿನವರ ಎದುರಿಗೆ ಆಡುವ ಮಾತಲ್ಲ ಅದು. ತಪ್ಪಾಯಿತು. ಅವರಿಗೂ ಹೇಳು, ನಮ್ಮಪ್ಪ ಬೇಜಾರು ಮಾಡಿಕೊಂಡಿದ್ದಾರೆ ಅಂತ.

ಆಮೇಲೆ ಮೂರು ದಿನ ನಿನ್ನ ಫೋನಿಲ್ಲ. ನಿನ್ನೆ ರಾತ್ರಿ ಒಂದು ಮೆಸೇಜು. ‘ಶುಕ್ರವಾರ ರಾತ್ರಿ ಹೊರಟು ಕುದುರೆಮುಖಕ್ಕೆ ಹೋಗ್ತಿದ್ದೀವಿ. ಹೇಳ್ಬೇಕಲ್ಲ ಅಂತ ಹೇಳಿದೆ.’ ಅಷ್ಟೇ. ಅದನ್ನು ಎಷ್ಟು ಸಲ ಓದಿದೆನೋ. ಹೋಗಬೇಡ ಅಂತ ಹೇಳಲು ಈ ಪತ್ರ ಬರೆಯುತ್ತಿಲ್ಲ. ಹೋಗು. ನಿನ್ನ ವಯಸ್ಸಿನಲ್ಲಿ ನಾನು ಸಿದ್ಧಗಂಗೆ ಜಾತ್ರೆ ಬಿಟ್ಟರೆ ಬೇರೆ ಊರು ನೋಡಿರಲಿಲ್ಲ. ವಾರದಲ್ಲಿ ಐದು ದಿನ ಆ ರಿಂಗ್ ರೋಡಿನ ಧೂಳು ಕುಡಿಯುವವಳಿಗೆ ಎರಡು ದಿನ ಬೆಟ್ಟದ ಗಾಳಿ ಬೇಕು. ನನಗೆ ಗೊತ್ತಿಲ್ವಾ ಆ ರಸ್ತೆ?

ಗೊತ್ತು, ಚೆನ್ನಾಗಿಯೇ ಗೊತ್ತು. ಅಗರದಲ್ಲಿ ನೀನು 500 ಡಿ ಬಸ್ಸು ಹತ್ತುತ್ತೀಯಲ್ಲ, ಆ ಸ್ಟಾಪಿನಲ್ಲಿ ಎಷ್ಟು ಸಾವಿರ ಜನರಿಗೆ ಟಿಕೆಟ್ ಹರಿದಿದ್ದೇನೋ ಲೆಕ್ಕವಿಲ್ಲ. ಸಿಲ್ಕ್ ಬೋರ್ಡಿನಿಂದ ಹೊರಟರೆ ಅಗರ, ಇಬ್ಬಲೂರು, ಬೆಳ್ಳಂದೂರು, ಮಾರತ್ತಹಳ್ಳಿ, ಟಿನ್ ಫ್ಯಾಕ್ಟರಿ, ಹೆಬ್ಬಾಳ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನಾನು 1994ರಲ್ಲಿ ಕೆಲಸಕ್ಕೆ ಸೇರಿದಾಗ ಇನ್ನೂ ಬಿಟಿಎಸ್, ಅಂದರೆ ಬೆಂಗಳೂರು ಸಾರಿಗೆ ಸೇವೆ. 1997ರ ಆಗಸ್ಟಿನಲ್ಲಿ ಬಿಎಂಟಿಸಿ ಆಯಿತು. ಮರದ ಹಲಗೆಗೆ ಬಣ್ಣಬಣ್ಣದ ಟಿಕೆಟ್ ಕಟ್ಟು ಸಿಕ್ಕಿಸಿಕೊಂಡು, ಬೆರಳುಗಳ ಸಂದಿಯಲ್ಲಿ ನೋಟು ಮಡಚಿ ಇಟ್ಟುಕೊಂಡು, ಚಿಲ್ಲರೆ ಇಲ್ಲದಿದ್ದರೆ ಟಿಕೆಟಿನ ಹಿಂದೆ ಬರೆದುಕೊಟ್ಟು ದಿನ ದೂಡಿದವನು ನಾನು. ಕೊನೆಗೆ ಮಿಷನ್ ಬಂತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಆಮೇಲೆ ರಿಟೈರ್ ಆಗುವವರೆಗೂ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್ ಕೊಟ್ಟೆ. ಮನೆಕೆಲಸಕ್ಕೆ ಹೋಗುವ ಹೆಂಗಸೊಬ್ಬಳು ಮೊದಲ ವಾರ ದಿನಾ ನನ್ನನ್ನು ಕೇಳುತ್ತಿದ್ದಳು, ‘ನಿಜವಾಗ್ಲೂ ದುಡ್ಡು ಬೇಡ್ವಾ ಅಣ್ಣ?’ ಅಂತ.

ಒಂದು ದಿನ ನೀನು ಫೋನ್ ಮಾಡಿ, ‘ಅಪ್ಪ, ಇವತ್ತಿನ ಕಂಡಕ್ಟರ್‌ಗೆ ನಮ್ಮಪ್ಪನೂ ಇದೇ ರೂಟಲ್ಲಿ ಇದ್ರು ಅಂದೆ, ಯಾವ ಡಿಪೋ ಅಂತ ಕೇಳಿದ್ರು’ ಅಂದೆಯಲ್ಲ. ಆ ದಿನ ನಾನು ಎರಡು ಸಲ ಊಟ ಮಾಡಿದೆ ಅಂತ ಅಮ್ಮ ಈಗಲೂ ಹೇಳುತ್ತಾಳೆ. ಕಂಡಕ್ಟರ್ ಮಗಳು ಅನ್ನಲು ನಾಚುವ ಮಕ್ಕಳನ್ನು ನೋಡಿದ್ದೇನೆ. ನೀನು ತುಂಬಿದ ಬಸ್ಸಿನಲ್ಲಿ ನಿಂತು ಹೇಳಿದೆ. ಅಂಥ ಮಗಳ ಮೇಲೆ ಕೂಗಾಡಿದೆ.

ಯಾಕೆ ಕೂಗಾಡಿದೆ ಅಂತ ಹೇಳಬೇಕು. 19 ವರ್ಷದಿಂದ ಹೇಳದೇ ಇರುವ ಒಂದು ವಿಷಯ ಇದೆ.

ನೀನು ಕಳಿಸಿದ ವಿಡಿಯೋದಲ್ಲಿ ಬಸ್ಸು ಬಾಬಾಬುಡನ್‌ಗಿರಿ ಹತ್ತುತ್ತಿದೆ. ಬಾಗಿಲು ತೆಗೆದಿದೆ. ನೀನು ಫುಟ್‌ಬೋರ್ಡಿನ ಕೆಳಗಿನ ಮೆಟ್ಟಿಲಲ್ಲಿ ನಿಂತು, ಒಂದೇ ಕೈಯಲ್ಲಿ ಕಂಬಿ ಹಿಡಿದು ಹೊರಗೆ ಬಾಗಿದ್ದೀಯ. ಎಡಗಾಲು ಮೆಟ್ಟಿಲ ಅಂಚಿಗೆ ಬಂದು ಅರ್ಧ ಪಾದ ಗಾಳಿಯಲ್ಲಿದೆ. ನಾನು ಬೆಟ್ಟ ನೋಡಲಿಲ್ಲ, ನಿನ್ನ ಮುಖ ನೋಡಲಿಲ್ಲ. ಆ ಅರ್ಧ ಪಾದ ನೋಡಿದೆ.

2006. ನಿನಗೆ ಐದು ವರ್ಷ. ಬೆಳಿಗ್ಗೆ ಎಂಟೂಕಾಲಿನ ಟ್ರಿಪ್ಪು, ಕಾಲೇಜು ಮಕ್ಕಳು, ಗಾರ್ಮೆಂಟ್ಸಿನ ಹೆಂಗಸರು ಸೇರಿ ಬಸ್ಸು ತುಂಬಿತ್ತು. ಆಗಲೇ ಹನ್ನೆರಡು ನಿಮಿಷ ಲೇಟು. ನಾನು ಬಸ್ಸಿನ ಮಧ್ಯದಲ್ಲಿ ಸಿಕ್ಕಿಕೊಂಡು ಟಿಕೆಟ್ ಹರಿಯುತ್ತಿದ್ದೆ. ಅಲ್ಲಿಂದ ಮುಂದಿನ ಬಾಗಿಲು ಕಾಣುತ್ತಿರಲಿಲ್ಲ. ಒಂದು ಸೀಟಿ ಅಂದರೆ ನಿಲ್ಲಿಸು, ಎರಡು ಅಂದರೆ ಹೊರಡು. ಅಷ್ಟೇ ನಮ್ಮ ಭಾಷೆ. ಮುಂದಿನಿಂದ ಯಾರೋ ‘ರೈಟ್ ರೈಟ್’ ಅಂದರು. ಯಾರು ಅಂತ ನೋಡಲಿಲ್ಲ. ಎರಡು ಸಲ ಊದಿದೆ.

ಒಬ್ಬ ಹುಡುಗಿ ಹತ್ತುತ್ತಿದ್ದಳು. ಪಿಯುಸಿ ಇರಬೇಕು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ರಸ್ತೆಯ ಮೇಲೆ. ಕಂಬಿ ಹಿಡಿದ ಕೈ ಬಿಡಲಿಲ್ಲ. ಬಿಟ್ಟಿದ್ದರೆ ಬಿದ್ದು ಅಲ್ಲೇ ಉಳಿಯುತ್ತಿದ್ದಳೋ, ಹಿಂದಿನ ಚಕ್ರಕ್ಕೆ ಸಿಗುತ್ತಿದ್ದಳೋ. ಅದನ್ನು ಈಗಲೂ ರಾತ್ರಿ ಎದ್ದು ಕೂತು ಯೋಚಿಸುತ್ತೇನೆ. ಇಪ್ಪತ್ತು ಅಡಿ ಎಳೆದುಕೊಂಡು ಹೋಯಿತು ಬಸ್ಸು. ಜನ ಕಿರುಚಿದರು. ನಾನು ಒಂದು ಸೀಟಿ ಊದಿದೆ, ಉಸಿರು ಮುಗಿಯುವ ತನಕ ಊದಿದೆ.

ಇಳಿದು ಓಡಿದೆ. ಮೊದಲು ಸಿಕ್ಕಿದ್ದು ಅವಳ ಚಪ್ಪಲಿ. ನೀಲಿ ಹವಾಯಿ ಚಪ್ಪಲಿ. ಬಾರು ಕಿತ್ತುಹೋಗಿದ್ದಕ್ಕೆ ಕೆಳಗೆ ಪಿನ್ನು ಚುಚ್ಚಿದ್ದಳು. ಹೊಸದು ಕೊಳ್ಳುವವರೆಗೆ ಅಂತ ಎಲ್ಲರ ಮನೆಯಲ್ಲೂ ಮಾಡುತ್ತೇವಲ್ಲ, ಹಾಗೆ. ಅದನ್ನು ಯಾಕೆ ಎತ್ತಿಕೊಂಡೆನೋ ಗೊತ್ತಿಲ್ಲ, ಕ್ಯಾಶ್ ಬ್ಯಾಗಿಗೆ ಹಾಕಿಕೊಂಡೆ. ಅವಳನ್ನು ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಣಿಕಟ್ಟು ಮುರಿದಿತ್ತು. ಮಂಡಿಯ ಚರ್ಮ ಎದ್ದುಹೋಗಿತ್ತು. ದಾರಿಯುದ್ದಕ್ಕೂ ಅವಳು ಅತ್ತಿದ್ದು ಕೈಗಲ್ಲ. ‘ಅಣ್ಣ, ಇವತ್ತು ಲ್ಯಾಬ್ ಎಕ್ಸಾಮ್ ಇದೆ’ ಅಂತ.

ಅವಳ ಅಪ್ಪ ಬಂದರು. ಹೊಡೆಯುತ್ತಾರೆ ಅಂದುಕೊಂಡು ಗೋಡೆಗೆ ಒರಗಿ ನಿಂತಿದ್ದೆ. ಅವರು ನನ್ನನ್ನು ಮಾತಾಡಿಸಲೇ ಇಲ್ಲ. ಮಗಳ ತಲೆ ಸವರಿದರು. ಕಾಲು ನೋಡಿ, ‘ಇನ್ನೊಂದು ಚಪ್ಪಲಿ ಎಲ್ಲಿ?’ ಅಂತ ಕೇಳಿದರು. ನಾನು ಬ್ಯಾಗಿಗೆ ಕೈ ಹಾಕಿ ತೆಗೆದೆ. ಆ ಪಿನ್ನು ನನ್ನ ಬೆರಳಿಗೆ ಚುಚ್ಚಿತು. ಕೊಟ್ಟೆ. ಅವರು ತಗೊಂಡು, ಮಣ್ಣು ಒರೆಸಿ, ಮಂಚದ ಕೆಳಗೆ ಜೋಡಿ ಮಾಡಿ ಇಟ್ಟರು.

ವಿಚಾರಣೆ ಆಯಿತು. ತಪ್ಪು ನನ್ನದು ಅಂತ ನಾನೇ ಬರೆದುಕೊಟ್ಟೆ. ಎರಡು ತಿಂಗಳು ಸಸ್ಪೆಂಡ್. ಅದರಲ್ಲಿ ಅನ್ಯಾಯ ಏನೂ ಇರಲಿಲ್ಲ.

ಈಗ ನಿನಗೆ ಅರ್ಥ ಆಗಿರಬೇಕು. ನಿನಗೆ ಐದು ವರ್ಷವಿದ್ದಾಗ ಅಪ್ಪ ಎರಡು ತಿಂಗಳು ಮನೆಯಲ್ಲಿದ್ದರು, ದಿನಾ ಸ್ಕೂಲಿಗೆ ಬಿಟ್ಟು ಕರೆದುಕೊಂಡು ಬಂದರು, ಜಡೆ ಹಾಕುವುದನ್ನು ಕಲಿತರು ಅಂತ ನೀನು ಎಲ್ಲರ ಹತ್ತಿರ ಹೇಳುತ್ತೀಯಲ್ಲ. ‘ನಮ್ಮಪ್ಪ ನನಗೋಸ್ಕರ ರಜೆ ಹಾಕಿದ್ರು’ ಅಂತ. ಅದು ರಜೆ ಅಲ್ಲ ಪುಟ್ಟಿ. ನೀನು ಹಾಗೆ ಹೇಳಿದಾಗಲೆಲ್ಲ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಆ ದಿನಗಳಲ್ಲಿ ನಿನ್ನ ಕಾಲಿಗೆ ಚಪ್ಪಲಿ ಹಾಕುವಾಗ ನನ್ನ ಕೈ ನಡುಗುತ್ತಿತ್ತು. ನಿನಗೆ ಕಚಗುಳಿ ಆಗಿ ನಗುತ್ತಿದ್ದೆ.

ಆಮೇಲೆ 18 ವರ್ಷ ಕೆಲಸ ಮಾಡಿದೆ. ಎರಡೂ ಬಾಗಿಲು ಕಣ್ಣಾರೆ ನೋಡದೆ ಒಂದು ಸಲವೂ ಸೀಟಿ ಊದಲಿಲ್ಲ. ಡ್ರೈವರ್‌ಗಳು ಬೈಯುತ್ತಿದ್ದರು. ‘ಇವನ ಜೊತೆ ಡ್ಯೂಟಿ ಹಾಕಿದ್ರೆ ಒಂದು ಟ್ರಿಪ್ಪೂ ಟೈಮಿಗೆ ಮುಗಿಯಲ್ಲ’ ಅನ್ನುತ್ತಿದ್ದರು. ಅನ್ನಲಿ. ಫುಟ್‌ಬೋರ್ಡಿನಲ್ಲಿ ನಿಂತ ಹುಡುಗರನ್ನು ಒಳಗೆ ಎಳೆದಿದ್ದೇನೆ, ಬೈಸಿಕೊಂಡಿದ್ದೇನೆ, ಒಮ್ಮೆ ಕಾಲರ್ ಹಿಡಿಸಿಕೊಂಡಿದ್ದೇನೆ. ಆ ಹುಡುಗಿಗೆ ಈಗ 36, 37 ವರ್ಷ ಇರಬೇಕು. ಆ ಪರೀಕ್ಷೆ ಮತ್ತೆ ಬರೆದಳಾ, ಕೈ ಸರಿ ಕೂಡಿತಾ, ಒಂದೂ ಗೊತ್ತಿಲ್ಲ. ಎರಡು ಸಲ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದೆ. ಮೂರನೇ ಸಲ ಹೋದಾಗ ಮನೆಗೆ ಕಳಿಸಿದ್ದರು. ವಿಳಾಸ ಕೇಳುವ ಧೈರ್ಯ ಬರಲಿಲ್ಲ.

ಈಗ ಕುದುರೆಮುಖದ ವಿಷಯ. ದಯವಿಟ್ಟು ಇದನ್ನು ಪೂರ್ತಿ ಓದು.

ಹೇಗೆ ಹೋಗುತ್ತಿದ್ದೀರಿ ಅಂತ ನೀನು ಬರೆದಿಲ್ಲ. ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋಗುವುದಾದರೆ ಒಂದು ಮಾತು ಕೇಳಬೇಕು. ಆ ಡ್ರೈವರ್ ಶುಕ್ರವಾರ ಹಗಲು ಏನು ಮಾಡುತ್ತಿದ್ದ? ಹಗಲೆಲ್ಲ ಬಾಡಿಗೆ ಹೊಡೆದು ರಾತ್ರಿ ಹತ್ತಕ್ಕೆ ನಿಮ್ಮನ್ನು ಹತ್ತಿಸಿಕೊಂಡರೆ, ಬೆಳಗಿನ ಜಾವ ಮೂರು ನಾಲ್ಕರ ಹೊತ್ತಿಗೆ ಮೂಡಿಗೆರೆ ದಾಟಿ ತಿರುವುಗಳಲ್ಲಿರುತ್ತಾನೆ. ನಿದ್ದೆ ಹತ್ತುವುದೇ ಆ ಹೊತ್ತಿನಲ್ಲಿ. ನೀವು ಹಿಂದೆ ಹಾಡು ಹಾಕಿಕೊಂಡು ಮಲಗಿಬಿಡುತ್ತೀರಿ. ಒಬ್ಬರಾದರೂ ಮುಂದೆ ಕೂತು ಅವನ ಜೊತೆ ಮಾತಾಡುತ್ತಿರಬೇಕು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಕಾಫಿ ಕುಡಿಸಿ. ಅವಸರ ಮಾಡಬೇಡಿ, ‘ಸೂರ್ಯೋದಯ ಮಿಸ್ ಆಗುತ್ತೆ ಅಣ್ಣ’ ಅನ್ನಬೇಡಿ. ಅವಸರ ಮಾಡಿಸಿದವರ ಮಾತು ಕೇಳಿಯೇ ನಾನು ಎರಡು ಸಲ ಊದಿದ್ದು.

ನನ್ನ ಕೇಳಿದರೆ ಹೊರನಾಡು ಬಸ್ಸು ಹಿಡಿಯಿರಿ. ಕಳಸದಲ್ಲಿ ಇಳಿಯಬಹುದು. ಕೆಂಪು ಬಸ್ಸಾದರೆ ನಿಮಗೆ ಟಿಕೆಟ್ಟಿಗೆ ದುಡ್ಡೂ ಇಲ್ಲ, ಆಧಾರ್ ಮರೆಯಬೇಡ. ರಾಜಹಂಸ, ಸ್ಲೀಪರ್‌ಗೆ ಶಕ್ತಿ ನಡೆಯುವುದಿಲ್ಲ, ಗೊತ್ತಲ್ವಾ. ಕಳಸದಿಂದ ಸಂಸೆ, ಸಂಸೆಯಿಂದ ಮುಳ್ಳೋಡಿಗೆ ಜೀಪು. ಆ ಜೀಪಿನವರು ಹಿಂದೆ ನೇತುಹಾಕಿಕೊಂಡು ಹೋಗುತ್ತಾರೆ ಅಂತ ಕೇಳಿದ್ದೇನೆ. ನೇತಾಡಬೇಡ. ಒಳಗೆ ಜಾಗ ಇಲ್ಲದಿದ್ದರೆ ಇನ್ನೊಂದು ಜೀಪು ಕೇಳು, ಹಣ ನಾನು ಹಾಕುತ್ತೇನೆ. ಬೆಟ್ಟ ಹತ್ತಲು ಅರಣ್ಯ ಇಲಾಖೆಯಲ್ಲಿ ಮೊದಲೇ ಬುಕ್ ಮಾಡಿರಬೇಕು, ದಿನಕ್ಕೆ ಇಷ್ಟೇ ಜನ ಅಂತ ಇದೆ. ಮಾಡಿದ್ದೀರಿ ತಾನೇ? ಹೋಗಿ ಬರಲು ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್ ನಡಿಗೆ. ಇಂಬಳ (ಜಿಗಣೆ) ಇರುತ್ತವೆ, ಉಪ್ಪು ತಗೊಂಡು ಹೋಗು. ಕಚ್ಚಿದರೆ ಕಿತ್ತು ಎಳೆಯಬೇಡ. ಹಳ್ಳ ದಾಟುವಾಗ ಫೋಟೋಗೆ ಅಂತ ಕಲ್ಲಿನ ಮೇಲೆ ನಿಲ್ಲಬೇಡ. ಪಾಚಿ ಕಟ್ಟಿದ ಕಲ್ಲು ಫುಟ್‌ಬೋರ್ಡಿಗಿಂತ ಮೋಸ.

ಭಾನುವಾರ ರಾತ್ರಿ ಬಸ್ಸಿನಲ್ಲಿ ಬಂದು ಸೋಮವಾರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಹಾಗೇ ಆಫೀಸಿಗೆ ಓಡಬೇಡ. ನಿದ್ದೆಗಣ್ಣಿನಲ್ಲಿ ಓಡುವ ಬಸ್ಸು ಹತ್ತುವವರು ಜಾಸ್ತಿ ಸೋಮವಾರವೇ. ನಾನು ನೋಡಿದ್ದೇನೆ. ಒಂದು ಬಸ್ಸು ಹೋದರೆ ಹೋಗಲಿ. 500 ಡಿ ಮತ್ತೆ ಬರುತ್ತದೆ. ಬಸ್ಸು ನಿಂತ ಮೇಲೆ ಹತ್ತು, ನಿಂತ ಮೇಲೆ ಇಳಿ. ಹತ್ತುವಾಗ ಕಂಡಕ್ಟರ್‌ಗೆ ನೀನು ಕಾಣುತ್ತಿದ್ದೀಯಾ ಅಂತ ನೋಡಿಕೋ. ಕಾಣದಿದ್ದರೆ ‘ಹೋಲ್ಡಾನ್’ ಅಂತ ಕೂಗು, ಗಟ್ಟಿಯಾಗಿ ಕೂಗು, ನಾಚಿಕೆ ಬೇಡ. ಆ ಹುಡುಗಿ ಕೂಗಲಿಲ್ಲ. ಅವಳು ಒಂದು ಸಲ ಕೂಗಿದ್ದರೆ ನನಗೆ ಕೇಳಿಸುತ್ತಿತ್ತು.

ಇಲ್ಲ, ಹಾಗೆ ಬರೆಯಬಾರದು. ಅವಳ ತಪ್ಪಲ್ಲ. ಆ ಸಾಲು ಹೊಡೆದು ಹಾಕೋಣ ಅಂದುಕೊಂಡೆ, ಆದರೆ ಇರಲಿ. ಇಷ್ಟು ವರ್ಷ ನನ್ನ ಮನಸ್ಸು ಹೀಗೇ ತಪ್ಪಿಸಿಕೊಳ್ಳಲು ನೋಡಿದೆ ಅಂತ ನಿನಗೂ ಗೊತ್ತಾಗಲಿ.

ನೋಡು, ಕ್ಷಮೆ ಕೇಳಲು ಕೂತು ಮತ್ತೆ ಉಪದೇಶಕ್ಕೆ ಇಳಿದೆ. ನಿನಗೆ ಇದೆಲ್ಲ ಗೊತ್ತಿರುತ್ತದೆ. ನೀನು ಹುಷಾರು ಅಂತಲೂ ಗೊತ್ತು. ಹೊಸ ಊರಿನಲ್ಲಿ ಪಿಜಿ ಹುಡುಕಿಕೊಂಡೆ, ನನ್ನ ಹತ್ತಿರ ಒಂದು ರೂಪಾಯಿ ಕೇಳದೆ ಅಡ್ವಾನ್ಸ್ ಕಟ್ಟಿದೆ. ರಾತ್ರಿ ಒಂಬತ್ತಕ್ಕೆ ಬಸ್ಸಿನಲ್ಲಿ ಮೈಮೇಲೆ ಬಿದ್ದವನನ್ನು ಡ್ರೈವರ್‌ಗೆ ಹೇಳಿ ಇಳಿಸಿದೆ ಅಂತ ನಿನ್ನ ಫ್ರೆಂಡ್ ಅಮ್ಮನಿಗೆ ಹೇಳಿದ್ದಳಂತೆ. ನನಗೆ ಯಾಕೆ ಹೇಳಲಿಲ್ಲ? ನಾನು ಹೆದರುತ್ತೇನೆ ಅಂತಲಾ?

ಹೆದರುತ್ತೇನೆ. ಆದರೂ ಹೇಳು.

ಇನ್ನೊಂದು. ಅಮ್ಮ ಆ ವಿಡಿಯೋವನ್ನು ನಾಲ್ಕೈದು ಸಲ ನೋಡಿದಳು. ‘ಎಷ್ಟು ಚೆನ್ನಾಗಿ ನಗ್ತಿದ್ದಾಳೆ ನೋಡಿ’ ಅಂದಳು. ನಿನ್ನೆ ರಾತ್ರಿ ನಾನೂ ಮತ್ತೆ ತೆಗೆದು ನೋಡಿದೆ. ಕಾಲಿನ ಕಡೆ ಬೆರಳು ಅಡ್ಡ ಇಟ್ಟುಕೊಂಡು ನೋಡಿದೆ. ಕೂದಲೆಲ್ಲ ಮುಖಕ್ಕೆ ಬಂದಿದೆ, ಒಂದು ಕೈಯಲ್ಲಿ ಅದನ್ನು ಸರಿಸುತ್ತಾ ಏನೋ ಕೂಗುತ್ತಿದ್ದೀಯ. ನಿಮ್ಮಜ್ಜಿಯ ನಗುವೇ. ಆ ಕೂಗು ಏನು ಅಂತ ಗಾಳಿಯಲ್ಲಿ ಕೇಳಿಸುವುದಿಲ್ಲ. ಬಂದಾಗ ಹೇಳು.

ಚಟ್ನಿಪುಡಿ ಡಬ್ಬದ ಮುಚ್ಚಳ ಸಡಿಲ ಇದೆ, ರಬ್ಬರ್ ಹಾಕಿದ್ದೇವೆ, ನಿಧಾನ ತೆಗಿ. ಬೆಟ್ಟಕ್ಕೆ ಹಳೇ ಶೂ ಹಾಕಿಕೊಂಡು ಹೋಗಬೇಡ, ಅಟ್ಟೆ ಸವೆದಿದೆ ಅಂತ ದೀಪಾವಳಿಗೆ ಬಂದಾಗಲೇ ನೋಡಿದ್ದೆ. ಹೊಸದು ತಗೋ. ಮುಳ್ಳೋಡಿಯ ಕಡೆ ಸಿಗ್ನಲ್ ಸಿಗುವುದಿಲ್ಲ ಅನ್ನುತ್ತಾರೆ. ಅದಕ್ಕೆ ಶನಿವಾರ ಕಳಸ ತಲುಪಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡು. ಮಾತಾಡಲು ಮನಸ್ಸಿಲ್ಲದಿದ್ದರೆ ಮಾತಾಡಬೇಡ, ರಿಂಗ್ ಆದರೆ ಸಾಕು. ಎಷ್ಟು ಹೊತ್ತಿಗಾದರೂ ಪರವಾಗಿಲ್ಲ. ಫಸ್ಟ್ ಶಿಫ್ಟಿನ ಅಭ್ಯಾಸ ಇನ್ನೂ ಹೋಗಿಲ್ಲ, ಮೂರೂವರೆಗೇ ಎದ್ದಿರುತ್ತೇನೆ.

ಅಪ್ಪ