ಧೇಮಾಜಿಯ ಕಥೆ ಬರೆಯುತ್ತಿರುವ ಗೆಳೆಯನಿಗೆ

ಪ್ರಿಯ ಗೆಳೆಯ,

ನಿನ್ನ ಕಥೆಯನ್ನು ಎರಡು ಸಲ ಓದಿದೆ. 2004ರ ಆಗಸ್ಟ್ 15ರಂದು ಅಸ್ಸಾಮಿನ ಧೇಮಾಜಿ ಕಾಲೇಜು ಮೈದಾನದಲ್ಲಿ ಸಿಡಿದ ಬಾಂಬಿನ ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂದು ನಿನಗೆ ಅನ್ನಿಸಿದ್ದೇ ಸಂತೋಷ. ಆದರೆ ಮೊದಲ ಪುಟದಲ್ಲೇ ಎಡವಿದ್ದೀಯ.

ನಿನ್ನ ಹುಡುಗಿ ಲಾಡಿನ ಆಸೆಗೆ ಕುಣಿಯುತ್ತ ಮೈದಾನಕ್ಕೆ ಓಡುತ್ತಾಳೆ. ಅದು ನಿನ್ನ ಊರಿನ ಆಗಸ್ಟ್ 15. ನನ್ನದೂ ಹಾಗೇ ಇತ್ತು. ಹಿಂದಿನ ರಾತ್ರಿ ಅಮ್ಮ ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ಅಂಗಿಯ ಮೇಲೆ ಉಜ್ಜುತ್ತಿದ್ದಳು. ಒಂದು ವರ್ಷ ಜೇಬಿನ ಮೇಲೆ ಸುಟ್ಟ ಅರ್ಧಚಂದ್ರ ಮೂಡಿ, ಧ್ವಜವಂದನೆ ಮುಗಿಯುವವರೆಗೂ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಮೇಷ್ಟ್ರು ಅದನ್ನು ದೇಶಭಕ್ತಿ ಎಂದುಕೊಂಡರು. ಅಸ್ಸಾಮಿನಲ್ಲಿ ಆ ದಿನ ಇಷ್ಟು ಹಗುರವಾಗಿರಲಿಲ್ಲ. ಸ್ವತಂತ್ರ ಅಸ್ಸಾಮಿಗಾಗಿ ಬಂದೂಕು ಹಿಡಿದಿದ್ದ ಉಲ್ಫಾ, ಸ್ವಾತಂತ್ರ್ಯ ದಿನವನ್ನು ಬಹಿಷ್ಕರಿಸಿ ಎಂದು ಕರೆ ಕೊಟ್ಟಿತ್ತು. ಹೊಸ್ತಿಲು ದಾಟುವುದೇ ಒಂದು ತೀರ್ಮಾನ. ಸತ್ತ 13 ಮಂದಿಯಲ್ಲಿ ಹೆಚ್ಚಿನವರು ಶಾಲೆಯ ಮಕ್ಕಳು ಮತ್ತು ಹೆಂಗಸರು. ನಿನ್ನ ಕಥೆಯ ತಾಯಿ ಕಳುಹಿಸಲೋ ಬೇಡವೋ ಎಂದು ಜಡೆ ಹೆಣೆಯುತ್ತ ತಡಮಾಡಲಿ. ರಿಬ್ಬನ್ನನ್ನು ಒಮ್ಮೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಲಿ.

ಇನ್ನು ವ್ಯಾಕರಣ. ನಗಬೇಡ. "ಸ್ಫೋಟ ಸಂಭವಿಸಿತು" ಎಂದು ಬರೆದಿದ್ದೀಯ, ಮಳೆ ಬಂತು ಎನ್ನುವ ಹಾಗೆ. ಅದು ಪತ್ರಿಕೆಯವರ ವಾಕ್ಯ. ಅದಕ್ಕೆ ಕರ್ತೃವಿನ ಹಂಗಿಲ್ಲ. "ಬಾಂಬು ಇಟ್ಟರು" ಎಂದು ಬರೆದು ನೋಡು, ಯಾರು ಎಂಬ ಪ್ರಶ್ನೆ ಕತ್ತಿನ ಮೇಲೆ ಕೂರುತ್ತದೆ. ಉಲ್ಫಾ ಮೊದಲು ತನ್ನದಲ್ಲ ಎಂದಿತು. 2009ರಲ್ಲಿ ಅದರ ಸೇನಾ ಮುಖ್ಯಸ್ಥ ಪರೇಶ್ ಬರುವಾ ಕ್ಷಮೆ ಕೇಳಿದ. 2019ರಲ್ಲಿ ಕೆಳಗಿನ ನ್ಯಾಯಾಲಯ ಆರು ಮಂದಿಗೆ ಶಿಕ್ಷೆ ಕೊಟ್ಟಿತು. 2023ರಲ್ಲಿ ಗುವಾಹಟಿ ಹೈಕೋರ್ಟ್ ಸಾಕ್ಷ್ಯ ಸಾಲದೆಂದು ಖುಲಾಸೆ ಮಾಡಿತು. ಕ್ಷಮೆ ಕೇಳಿದ ಬಾಯಿ ಇದೆ, ಬಾಂಬು ಇಟ್ಟ ಕೈ ಇಲ್ಲ. ನೀನೋ ಕೊನೆಯ ಪುಟದಲ್ಲಿ ಪೊಲೀಸರಿಂದ ಕೋಳ ತೊಡಿಸಿ ಕೈತೊಳೆದುಕೊಂಡಿದ್ದೀಯ. ತೆಗೆ. ಆ ಜಾಗ ಖಾಲಿ ಉಳಿದರೆ ಉಳಿಯಲಿ.

ನಿನ್ನ ಬಂಡುಕೋರ ಬಂದಾಗಲೆಲ್ಲ ಹಲ್ಲು ಕಡಿಯುತ್ತಾನೆ; ಬಯಲಾಟದ ರಾಕ್ಷಸನಿಗೂ ಇಷ್ಟು ಕೆಲಸ ಇರುವುದಿಲ್ಲ. ನಮ್ಮ ನೆಲದ ಪೆಟ್ರೋಲಿಯಂ, ನಮ್ಮ ಚಹಾ ಹೊರಗೆ ಹೋಗುತ್ತದೆ, ನಮಗೇನು ಉಳಿಯಿತು ಎಂಬ ಅವನ ಮಾತಿಗೆ ಒಂದು ಕಾಲಕ್ಕೆ ಅಲ್ಲಿನ ಹಳ್ಳಿಗಳು ಕಿವಿಗೊಟ್ಟಿದ್ದವು. ಧೇಮಾಜಿಯ ನಂತರ ಅಂಥವರಲ್ಲೇ ಅನೇಕರು ಮುಖ ತಿರುಗಿಸಿದರು. ಅವನಿಗೆ ರಾತ್ರಿ ಅನ್ನ ಬಡಿಸಿದ ಒಂದು ಮನೆ ಕಥೆಯಲ್ಲಿರಲಿ. ಆ ಮನೆಯಲ್ಲೂ ಪೆರೇಡಿಗೆ ಹೋಗುವ ಮಗುವೊಂದು ಇರಬಹುದಿತ್ತು.

ಹಸ್ತಪ್ರತಿಯನ್ನು ಅಂಚೆಗೆ ಹಾಕಿದ್ದೇನೆ. ನಾಲ್ಕನೇ ಪುಟದ ರಕ್ತದ ವರ್ಣನೆಯಲ್ಲಿ ಹನ್ನೊಂದು ಸಾಲಿಗೂ ಕೆಂಪು ಗೆರೆ ಎಳೆದಿದ್ದೇನೆ, ಬೇಸರಿಸಬೇಡ. ಒಂಟಿ ಚಪ್ಪಲಿಯನ್ನೂ ಹೊಡೆದುಹಾಕಿದ್ದೇನೆ. ಅದು ಎಲ್ಲರ ಸ್ಫೋಟದ ಕಥೆಗಳಲ್ಲೂ ಬಿದ್ದಿರುತ್ತದೆ. ಜಡೆಯ ಭಾಗ ಬರೆದಾದ ಮೇಲೆ ಅದೊಂದನ್ನೇ ಮೊದಲು ಕಳುಹಿಸು.