ಆಕ್ಸಿಮೀಟರ್ ಮತ್ತು ಮೈಬಣ್ಣ: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ವರ್ಣಭೇದ ಮನುಷ್ಯರ ಮನಸ್ಸಿನಲ್ಲಿರುವ ದ್ವೇಷ, ಯಂತ್ರಕ್ಕೆ ಅದು ಎಲ್ಲಿಂದ ಬರಬೇಕು ಅಂತ ಕೇಳಿದ್ದೀಯ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರನ್ನೇ ತಗೋ, ಬೆರಳಿಗೆ ಕಚ್ಚಿಸಿ ರಕ್ತದ ಆಮ್ಲಜನಕದ ಮಟ್ಟ ನೋಡುವ ಆ ಕ್ಲಿಪ್ಪನ್ನು.

ಅದರ ಒಂದು ದವಡೆಯಲ್ಲಿ ಎರಡು ಪುಟ್ಟ ದೀಪ: ಸುಮಾರು 660 ನ್ಯಾನೋಮೀಟರಿನ ಕೆಂಪು, 940ರ ಇನ್‌ಫ್ರಾರೆಡ್. ಎದುರು ದವಡೆಯಲ್ಲಿ ಬೆಳಕು ಹಿಡಿಯುವ ಸೆನ್ಸರ್. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೆಚ್ಚು ದಾಟಿಸುತ್ತದೆ, ಹೊರದಿದ್ದದ್ದು ಅದನ್ನು ನುಂಗುತ್ತದೆ. 1970ರ ದಶಕದಲ್ಲಿ ಜಪಾನಿನ ಎಂಜಿನಿಯರ್ ತಾಕುವೊ ಅಒಯಾಗಿ ಕಂಡುಕೊಂಡ ಉಪಾಯವೆಂದರೆ, ನಾಡಿಯ ಜೊತೆ ಏರಿಳಿಯುವ ಬೆಳಕನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು. ಚರ್ಮ, ಮೂಳೆ ಮಿಡಿಯುವುದಿಲ್ಲವಲ್ಲ, ಹಾಗಾಗಿ ಅವುಗಳ ಪ್ರಭಾವ ತಾನಾಗಿ ಕಳೆದುಹೋಗಬೇಕು. ಆದರೆ ಅದು ಪೂರ್ತಿ ಕಳೆದುಹೋಗುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇನ್‌ಫ್ರಾರೆಡ್‌ಗಿಂತ ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ.

ಮುಖ್ಯವಾದ ಸಂಗತಿ ಇದಕ್ಕಿಂತ ಮುಂದೆ ಇದೆ. ಯಂತ್ರ ಆಮ್ಲಜನಕವನ್ನು ನೇರವಾಗಿ ಅಳೆಯುವುದೇ ಇಲ್ಲ. ಎರಡು ಬೆಳಕಿನ ಅನುಪಾತವನ್ನು ತನ್ನೊಳಗಿನ ಒಂದು ಕೋಷ್ಟಕದಲ್ಲಿ ಹುಡುಕಿ ಶೇಕಡಾವಾರು ತೋರಿಸುತ್ತದೆ. ಆ ಕೋಷ್ಟಕ ಸಿದ್ಧವಾಗುವುದು ಮನುಷ್ಯರ ಮೇಲೆಯೇ: ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆಯಿರುವ ಗಾಳಿ ಕೊಟ್ಟು, ಮಟ್ಟವನ್ನು 100ರಿಂದ ಸುಮಾರು 70ರವರೆಗೆ ಇಳಿಸುತ್ತಾ, ಅಪಧಮನಿಯಿಂದ ರಕ್ತ ತೆಗೆದು ಹೋಲಿಸುತ್ತಾರೆ. ಆ ಸ್ವಯಂಸೇವಕರಲ್ಲಿ ಹೆಚ್ಚಿನವರು ಬಿಳಿಯರಾಗಿದ್ದರೆ ಯಂತ್ರಕ್ಕೆ ಗೊತ್ತಿರುವುದು ಅವರ ಬೆರಳು ಮಾತ್ರ. ಔಷಧ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2013ರಲ್ಲಿ ಕೇಳಿದ್ದು ಕನಿಷ್ಠ 10 ಜನರ ಪರೀಕ್ಷೆ. ಅದರಲ್ಲಿ ಕಡುಬಣ್ಣದವರು ಇಬ್ಬರು ಅಥವಾ ಶೇ. 15, ಯಾವುದು ಹೆಚ್ಚೋ ಅಷ್ಟು. ಇಬ್ಬರ ಬೆರಳು ಕೋಟ್ಯಂತರ ಜನರಿಗೆ ಅಳತೆಗೋಲಾಗುವುದು ನ್ಯಾಯವೇ?

ಇಲ್ಲಿ ಯಾರೂ ಯಾರನ್ನೂ ದ್ವೇಷಿಸಲಿಲ್ಲ. ಬಿಳಿ ಚರ್ಮವನ್ನು ಸಹಜವೆಂದು ಹಿಡಿದರು, ಮಿಕ್ಕವರನ್ನು ಎಣಿಸಲಿಲ್ಲ. ಸವಲತ್ತು ಅಂದರೆ ಇದೇ ಅಂತ ನನ್ನ ಅಭಿಪ್ರಾಯ: ಯಂತ್ರ ತನ್ನ ಮೈಗೆ ಹೊಂದುತ್ತದೆಯೇ ಅಂತ ಯೋಚಿಸುವ ಅಗತ್ಯವೇ ಬೀಳದಿರುವುದು.

2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತೆಗೆದ ಆಕ್ಸಿಮೀಟರಿನ ಅಳತೆ, ಅಪಧಮನಿಯ ರಕ್ತದ ಅಳತೆ ಎರಡನ್ನೂ ಹೋಲಿಸಿದರು. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರ ಅಳತೆಗಳಲ್ಲಿ ಶೇ. 3.6, ಕಪ್ಪುಜನರ ಅಳತೆಗಳಲ್ಲಿ ಶೇ. 11.7. ದೋಷ ಹೊಸದೂ ಅಲ್ಲ, 1990ರಲ್ಲೇ, ಮತ್ತೆ 2005ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಕೋವಿಡ್‌ನಲ್ಲಿ ಆಮ್ಲಜನಕ, ಔಷಧ, ಹಾಸಿಗೆ ಎಲ್ಲವೂ 94ರ ಆಸುಪಾಸಿನ ಒಂದು ಅಂಕಿಗೆ ಕಟ್ಟುಬಿದ್ದಿದ್ದವು. ಅಮೆರಿಕದಲ್ಲಿ ಕಪ್ಪು ರೋಗಿಗಳು ಚಿಕಿತ್ಸೆಗೆ ಅರ್ಹರೆಂದು ಗುರುತಾಗುವುದೇ ತಡವಾಯಿತು. ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೊತ್ತು ತಿರುಗಿದ್ದೂ ಇದೇ ತತ್ವದ ಯಂತ್ರವನ್ನೇ, ನೋಡಿದ್ದೂ ಅದೇ 94ನ್ನು. ಎಣ್ಣೆಗಪ್ಪಿನಿಂದ ಗೋಧಿಬಣ್ಣದವರೆಗೆ ಎಲ್ಲ ಛಾಯೆಯೂ ಇರುವ ನಾಡು ನಮ್ಮದು.

ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೀಟರಿನ ಕಥೆ ಇನ್ನೂ ಕೆಟ್ಟದು, ಅಲ್ಲಿ ತಾರತಮ್ಯ ಬೇಕೆಂದೇ ಸೇರಿಸಿದ್ದು. 19ನೇ ಶತಮಾನದಲ್ಲಿ ಲೂಸಿಯಾನಾದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಗುಲಾಮಗಿರಿಯನ್ನು ಸಮರ್ಥಿಸಲು ಅದರ ಅಳತೆಗಳನ್ನು ಬಳಸಿದ. ತೀರಾ ಇತ್ತೀಚಿನವರೆಗೂ ಕಪ್ಪುಜನರಿಗೆ ಶೇ. 10ರಿಂದ 15, ಏಷ್ಯನ್ನರಿಗೆ ಶೇ. 4ರಿಂದ 6 'ತಿದ್ದುಪಡಿ' ಮಾಡುವ, ಅಂದರೆ ಸಹಜವೆನ್ನುವ ಮಟ್ಟವನ್ನೇ ಅಷ್ಟು ಇಳಿಸುವ ಪದ್ಧತಿ ಇತ್ತು. ಹೀಗೆ ತಿದ್ದಿದರೆ ಸೋತ ಶ್ವಾಸಕೋಶವೂ ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ. ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿ ಅದನ್ನು ಕೈಬಿಡಲು ಹೇಳಿದ್ದು 2023ರಲ್ಲಿ.

ನಿಮ್ಮ ತಂದೆಯವರಿಗೆ ಉಬ್ಬಸ ಇದೆಯಲ್ಲ, ಅವರಿಗೆ ಬಳಸುವಾಗ ಹೀಗೆ ಮಾಡು. ಐದು ನಿಮಿಷ ಸುಮ್ಮನೆ ಕೂರಿಸು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗಾಗಿಸು. ಉಗುರಿಗೆ ಬಣ್ಣವೋ ಕಪ್ಪು ಮೆಹಂದಿಯೋ ಇದ್ದರೆ ಬೇರೆ ಬೆರಳು ನೋಡು. ಕೈಯನ್ನು ಎದೆಯ ಮಟ್ಟದಲ್ಲಿ ಅಲುಗಿಸದೆ ಹಿಡಿಯಲಿ. ಅಂಕಿ ನಿಲ್ಲುವವರೆಗೆ, ಕನಿಷ್ಠ ಒಂದು ನಿಮಿಷ, ಕಾಯಬೇಕು. ನಾಡಿಬಡಿತವನ್ನು ಕೈಯಲ್ಲೇ ಎಣಿಸಿ ಯಂತ್ರದ ಲೆಕ್ಕಕ್ಕೆ ತಾಳೆ ನೋಡು, ತಾಳೆಯಾಗದಿದ್ದರೆ ಆ ಅಳತೆಯನ್ನು ನಂಬಬೇಡ. ತಣ್ಣನೆ ಬೆರಳು ಸಾಮಾನ್ಯವಾಗಿ ಅಂಕಿಯನ್ನು ಇಳಿಸಿ ತೋರಿಸಿ ಸುಮ್ಮನೆ ಗಾಬರಿ ಹುಟ್ಟಿಸುತ್ತದೆ. ಕಡುಬಣ್ಣದ ಚರ್ಮ ಏರಿಸಿ ತೋರಿಸುತ್ತದೆ, ಅಪಾಯ ಇರುವುದು ಅದರಲ್ಲೇ. ಅಲ್ಲದೆ 90 ಅಂತ ಬಂದರೆ ನಿಜವಾದದ್ದು 86ರಿಂದ 94ರ ನಡುವೆ ಎಲ್ಲಾದರೂ ಇರಬಹುದು.

ಅದಕ್ಕೇ ಒಂದು ಅಂಕಿಗಿಂತ ಏರಿಳಿತ ಮುಖ್ಯ. ಚೆನ್ನಾಗಿರುವ ದಿನಗಳಲ್ಲೇ ಅಳೆದು, ತಾರೀಖು, ಹೊತ್ತು ಸಮೇತ ಬರೆದಿಡು. ಮಾಮೂಲಿಗಿಂತ ಮೂರ್ನಾಲ್ಕು ಇಳಿದರೆ 94ಕ್ಕಿಂತ ಕೆಳಗಿಳಿಯುವವರೆಗೆ ಕಾಯಬೇಡ, ವೈದ್ಯರನ್ನು ಕಾಣು. ಏದುಸಿರು, ತುಟಿ ನೀಲಿಯಾಗುವುದು, ಮಾತು ತಡವರಿಸುವುದು ಕಂಡರೆ ಯಂತ್ರ 97 ಅಂದರೂ ಆಸ್ಪತ್ರೆಗೆ ಹೊರಡು. ಅಲ್ಲಿ ಅನುಮಾನ ಬಂದರೆ ಎಬಿಜಿ ಮಾಡಬಹುದೇ ಅಂತ ವೈದ್ಯರನ್ನು ಕೇಳು: ಮಣಿಕಟ್ಟಿನ ಅಪಧಮನಿಯಿಂದ ಒಂದೆರಡು ಎಂಎಲ್ ರಕ್ತ ತೆಗೆದು ಮಾಡುವ ಪರೀಕ್ಷೆ, ಸ್ವಲ್ಪ ನೋವಾಗುತ್ತದೆ. ರಕ್ತ ತೆಗೆಯುವ ಹೊತ್ತಿಗೇ ಆಕ್ಸಿಮೀಟರ್ ಎಷ್ಟು ತೋರಿಸಿತು ಅನ್ನುವುದನ್ನೂ ಅದೇ ಪುಸ್ತಕದಲ್ಲಿ ಬರೆದುಕೋ.

ನಿನ್ನ,
ಸುರೇಶ